ಎಂತಿನ್ ಸ್ನಾನ ಮಾಡಿದ ಸಂಜೆ

ಹುಣ್ಣಿಮೆಯಿಂದ ಎಂತಿನ್ ಮೈಗೆ ನೀರು ಸೋಕಿಸಿರಲಿಲ್ಲ. ಸೋಮಾರಿತನವಲ್ಲ, ಅದು ಅವಳ ಕಸುಬು. ಬೊಗೋರಿನ ಬೆಟ್ಟದ ಊರುಗಳಲ್ಲಿ ಯಾರ ಮನೆಯ ಮದುವೆಯಾದರೂ ಮಳೆ ತಡೆಯಲು ಅವಳೇ ಬರಬೇಕು. ಕಡ್ಡಿಗೆ ಈರುಳ್ಳಿ, ಮೆಣಸಿನಕಾಯಿ ಸಿಕ್ಕಿಸಿ ನೆಲಕ್ಕೆ ನೆಟ್ಟು ಮಂತ್ರ ಹೇಳಿದರೆ ಮಳೆ ಕಟ್ಟಿತು. ಆದರೆ ಕೆಲಸ ಮುಗಿಯುವ ತನಕ ಅವಳು ಸ್ನಾನ ಮಾಡಕೂಡದು. ಮಾಡಿದಳೋ, ಕಟ್ಟಿದ ಮಳೆಯೆಲ್ಲ ಬಿಚ್ಚಿಕೊಳ್ಳುತ್ತದೆ.

ಈ ಸಲ ಸ್ವಂತ ಮಗಳ ಕೆಲಸ. ರೆಂಗನಿಸ್‌ಳ ನಿಕಾಹ್ ಮನೆಯಲ್ಲೇ ಮುಗಿದಿತ್ತು. ಶನಿವಾರ ಕೆಳಗೆ ಜಕಾರ್ತಾದಲ್ಲಿ ಗಂಡಿನ ಕಡೆಯ ಔತಣ. ಅವರ ಓಣಿ ನದಿಗೆ ಅಂಟಿಕೊಂಡಿದೆ. ಅಲ್ಲಿ ಹನಿ ಬೀಳದಿದ್ದರೂ ಸರಿ, ಬೆಟ್ಟದಲ್ಲಿ ರಾತ್ರಿ ಸುರಿದರೆ ಮಧ್ಯಾಹ್ನಕ್ಕೆ ನೀರು ಅಡುಗೆಮನೆಗೇ ನುಗ್ಗುತ್ತದೆ. ಬೀಗಿತ್ತಿ ರೋದಿಯಾ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು: "ನೋಡಿ ಬೀಗ್ರೇ, ನಿಮ್ಮೂರೋರು ನಮಗೆ ಕಳಿಸೋ ಉಡುಗೊರೆ ಅಂದ್ರೆ ಪ್ರವಾಹ ಒಂದೇ. ಔತಣದ ದಿನಾನೂ ಕಳಿಸಿದ್ರೆ ನಿಮ್ಮ ಮಗಳನ್ನ ದೋಣೀಲಿ ಕೂರಿಸಿ ವಾಪಸ್ ಕಳಿಸ್ತೀನಿ."

ಶುಕ್ರವಾರ ಸಂಜೆ ಅಣೆಕಟ್ಟಿನ ಇಂಜಿನಿಯರ್ ಗುಮಿಲಾರ್ ಮಲ್ಲಿಗೆ ಸೋಪು ಹಿಡಿದುಕೊಂಡು ಅವಳ ಬಾಗಿಲಿಗೆ ಬಂದ. ಬೆಟ್ಟದಲ್ಲಿ ಅದೇ ನದಿಗೆ ಅಡ್ಡವಾಗಿದ್ದ ಹಳೆಯ ಅಣೆಕಟ್ಟು, ಕೆಳಗಿನ ನಗರ ಅಂಗೈಯಗಲ ಇದ್ದಾಗ ಕಟ್ಟಿದ್ದು. ನಗರ ಊದಿಕೊಂಡು ಗೋಡೆ ಸಾಲದಾಯಿತು. ಎರಡು ಮಳೆಗಾಲ ಗೋಡೆ ಎತ್ತರಿಸುವಾಗ ಕಾಂಕ್ರೀಟ್ ಹಾಕುವ ದಿನವೆಲ್ಲ ಅಲ್ಲಿ ಮೆಣಸಿನಕಾಯಿ ನೆಟ್ಟವಳು ಎಂತಿನ್‌ಳೇ.

"ಅಂಬು, ತಾಯಿ, ನಿಮಗೆ ಕೈ ಮುಗೀತೀನಿ, ಸ್ನಾನ ಮಾಡಿ."

"ನಾಚಿಕೆ ಆಗಲ್ವಾ ನಿಮಗೆ?"

"ಬೆಳಿಗ್ಗೆ ಮಂತ್ರಿಗಳು ಉದ್ಘಾಟನೆಗೆ ಬರ್ತಿದಾರೆ. ಹೋದ ಸಲ ಬಂದಾಗ ಅಣೆಕಟ್ಟೊಳಗೆ ಮೇಕೆ ಮೇಯ್ತಿದ್ವು. 'ನೀರೆಲ್ಲಿ ರೀ, ಕುಡಿದ್ಬಿಟ್ರಾ?' ಅಂದ್ರು. ಇದು ಪ್ರವಾಹ ತಡೆಯೋದು, ಮಿಕ್ಕ ದಿನ ಒಣಗೇ ಇರತ್ತೆ ಅಂದ್ರೆ ತಲೆಗೇ ಹೋಗ್ಲಿಲ್ಲ. ಒಂದು ರಾತ್ರಿ ಮಳೆ ಬಂದ್ರೆ ನನ್ನ ಮಾನ ಉಳಿಯತ್ತೆ."

"ನಿಮ್ಮ ಮಾನ ಉಳಿಯತ್ತೆ, ನಮ್ಮ ಬೀಗರ ಸೋಫಾ ತೇಲತ್ತೆ."

"ಇಲ್ಲ ಅಂಬು! ನೀರನ್ನ ಗೋಡೆ ಹಿಡ್ಕೊಳತ್ತೆ. ನದಿ ತಾಳೋವಷ್ಟನ್ನ ಮಾತ್ರ ತಳದ ಕಿಂಡೀಲಿ ಬಿಡತ್ತೆ. ಅದಕ್ಕೇ ಅಲ್ವಾ ಕಟ್ಟಿದ್ದು?"

"ನಿಮ್ಮ ಗೋಡೆ ನಂಬಿ ಮಗಳ ಬಾಳು ನೀರಿಗೆ ಹಾಕ್ಲಾ?"

"ಎರಡು ವರ್ಷ ನಾನು ನಿಮ್ಮ ಮೆಣಸಿನಕಾಯಿ ನಂಬಲಿಲ್ವಾ? ಯಾಕೆ, ಹೇಗೆ ಅಂತ ಒಂದಿನ ಕೇಳಿದ್ನಾ?"

ಎಂತಿನ್ ತೋಳು ಪರಪರ ಕೆರೆದುಕೊಂಡಳು. ಮೈಯ ತುರಿಕೆಯೂ ಗುಮಿಲಾರನ ಪಕ್ಷ ಸೇರಿಕೊಂಡಿತು. ಅವಳು ಸೋಪು ಕಿತ್ತುಕೊಂಡು ಬಚ್ಚಲಿಗೆ ನಡೆದಳು. ತಲೆ ಒರೆಸಿಕೊಳ್ಳುವಷ್ಟರಲ್ಲೇ ಗುಡುಗು. ಆಮೇಲೆ ಬೆಳಗಿನವರೆಗೆ ಆಕಾಶಕ್ಕೆ ತೂತು ಬಿದ್ದಂತೆ ಸುರಿಯಿತು. ಎಂತಿನ್ ಕಣ್ಣು ಮುಚ್ಚಲಿಲ್ಲ.

ಮರುದಿನ ಎಂತಿನ್ ಔತಣಕ್ಕೆ ಬಂದಿಳಿದಾಗ ಜಕಾರ್ತಾದ ಓಣಿಯಲ್ಲಿ ಬಿಸಿಲೋ ಬಿಸಿಲು. ರೋದಿಯಾ ಓಡಿಬಂದು ಬೀಗಿತ್ತಿಯನ್ನು ತಬ್ಬಿಕೊಂಡಳು. ತಬ್ಬಿಕೊಂಡವಳು ಮೂಗು ಅರಳಿಸಿದಳು. ಇನ್ನೊಮ್ಮೆ ಮೂಸಿದಳು.

"ಮಲ್ಲಿಗೆ! ಅಯ್ಯಯ್ಯೋ, ಸ್ನಾನ ಮಾಡ್ಬಿಟ್ಟಿದಾರೆ! ನಮ್ಮ ಬೀಗರು ಸ್ನಾನ ಮಾಡ್ಬಿಟ್ಟಿದಾರೆ!"

ಓಣಿಗೆ ಓಣಿಯೇ ಎದ್ದು ನಿಂತಿತು. ಯಾರಿಗೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಸೋಫಾ ಮೇಜಿನ ಮೇಲೆ ಏರಿತು. ಜೆಂಗ್ಕೋಲ್ ಕಾಳಿನ ಸಾರಿನ ಹಂಡೆ ಹಗ್ಗ ಕಟ್ಟಿಸಿಕೊಂಡು ಮಾಳಿಗೆಗೆ ಹೋಯಿತು. ವಾದ್ಯದವರು ಕಾಂಪೌಂಡ್ ಹತ್ತಿ ಕೂತು ಅಲ್ಲಿಂದಲೇ ಬಾರಿಸಿದರು. ವಧೂವರರನ್ನು ಮೇಜಿನ ಮೇಲಿನ ಆ ಸೋಫಾಕ್ಕೇ ಹತ್ತಿಸಿದರು. ಬೀಗಿತ್ತಿಯರಿಬ್ಬರೂ ಒಂದೇ ಬೆಂಚಿನ ಮೇಲೆ ಕಾಲು ಮಡಚಿ ಕುಳಿತರು.

ನದಿ ಕೆಂಪಗೆ ಉಬ್ಬಿತು. ಓಣಿಯಿಂದ ನದಿಗಿಳಿಯುವ ಮೆಟ್ಟಿಲುಗಳ ಬುಡಕ್ಕೆ ಬಂತು. ಒಂದು ಮೆಟ್ಟಿಲು ಏರಿತು. ಅಲ್ಲೇ ನಿಂತಿತು. ಜನ ಕಾದರು. ಮಧ್ಯಾಹ್ನ ಕಳೆದು ಸಂಜೆಯ ನಮಾಜಿನ ಕರೆ ಕೇಳಿಸಿತು. ನೀರು ಇನ್ನೂ ಆ ಮೆಟ್ಟಿಲಲ್ಲೇ.

"ನಿಂತ್ಹೋಯ್ತು!" ರೋದಿಯಾ ಎಂತಿನ್‌ಳ ಕೈ ಹಿಡಿದುಕೊಂಡಳು. "ಸ್ನಾನ ಮಾಡಿದ್ಮೇಲೂ ತಡೆದ್ರಲ್ಲ ಬೀಗ್ರೇ! ಎಂಥಾ ಮಂತ್ರ ಅದು!" ಮುಂದಿನ ತಿಂಗಳು ನಮ್ಮನೆಗೆ ಬನ್ನಿ, ನಮ್ಮನೆಗೆ ಬನ್ನಿ ಎಂದು ಮಾಳಿಗೆಗಳಿಂದ ಕೂಗು ಎದ್ದಿತು. ಎಂತಿನ್ ಹೂಂ ಎನ್ನಲು ಬಾಯಿ ತೆರೆದಳು. ಸುಳ್ಳೇಕೆ, ಹೊಗಳಿಕೆ ಅವಳಿಗೆ ಬಹಳ ಹಿತವಾಗಿತ್ತು.

ಆಗ ಸೋಫಾದ ಮೇಲಿಂದ ರೆಂಗನಿಸ್ ಬಗ್ಗಿ ಮೆಲ್ಲಗೆ ಕೇಳಿದಳು. "ಅಮ್ಮಾ, ಇನ್ಮೇಲೆ ಮಳೆ ಬಂದಾಗೆಲ್ಲ ನಾನು ಹೀಗೇ ಹತ್ತಿ ಕೂತು ನಿನ್ನ ದಾರಿ ಕಾಯ್ಬೇಕಾ?"

ಮದುಮಗಳ ಕಾಡಿಗೆ ಕರಗಿ ಕೆನ್ನೆಗೆ ಇಳಿದಿತ್ತು. ಎಂತಿನ್ ಕೈ ಚಾಚಿ ಅದನ್ನು ಒರೆಸಿದಳು.

"ಇಲ್ಲ ಕಂದ," ಎಂದಳು, ಓಣಿಗೆಲ್ಲ ಕೇಳುವ ಹಾಗೆ. "ತಡೆದಿದ್ದು ನಾನಲ್ಲ. ಮೇಲೆ ಗೋಡೆ ಎತ್ತರ ಮಾಡಿದಾರೆ, ಅದು ತಡೀತು. ನಾನಿರಲಿ ಬಿಡಲಿ, ಅದು ಅಲ್ಲೇ ಇರತ್ತೆ."

ಕಸುಬಿಗೆ ತಾನೇ ಮಣ್ಣು ಹಾಕಿದಂತಾಯಿತು. ಆದರೂ ಬೆಂಚಿನಿಂದ ಇಳಿದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಓಣಿಯ ನಡುವೆ ನಿಂತಳು. ರೆಂಗನಿಸ್ ಸೀರೆಯಂತೆ ಸುತ್ತಿದ್ದ ಬಾತಿಕ್ ಬಟ್ಟೆ ಎತ್ತಿಕೊಂಡು ಸೋಫಾದಿಂದ ನೆಲಕ್ಕೆ ಧುಮುಕಿದಳು. ರೋದಿಯಾ ನದಿಯನ್ನು ನೋಡಿದಳು, ಬೀಗಿತ್ತಿಯನ್ನು ನೋಡಿದಳು, ಕಾಲಿನ ಹೆಬ್ಬೆರಳೊಂದನ್ನು ಮೆತ್ತಗೆ ನೆಲಕ್ಕೆ ತಾಗಿಸಿದಳು. ಆಮೇಲೆ ಇಡೀ ಪಾದ ಊರಿದಳು.

"ಒಣಗೇ ಇದೆ ಕಣ್ರೋ," ಎಂದಳು. "ಹಂಡೆ ಇಳಿಸ್ರಿ, ಸೊಸೆ ಹಸ್ಕೊಂಡಿದಾಳೆ."