ಎಗ್ಬರ್ಟನ ಮೇಣದ ಕಣ್ಣೀರು

ಐವತ್ತು ದಾಟಿದ ಮೇಲೆ ಜಟೆ ಬಿಡುವ ಆಸೆ ಯಾಕೆ ಹುಟ್ಟಿತು ಎಂದು ಯಾರಾದರೂ ಕೇಳಿದರೆ ಎಗ್ಬರ್ಟ್ ದೊಡ್ಡ ದೊಡ್ಡ ಮಾತಾಡುತ್ತಿದ್ದ. ಪೂರ್ವಜರು, ಆಫ್ರಿಕಾ, ಬೇರು ಎಂದೆಲ್ಲ. ಆದರೆ ಹೆಂಡತಿ ಮರ್ಲೀನ್ ಹತ್ತಿರ ಇಲ್ಲದಾಗ ಮಾತ್ರ. ಅವಳಿದ್ದರೆ ನಿಜ ಹೇಳಬೇಕಾಗುತ್ತಿತ್ತು. ನಿಜವೇನೆಂದರೆ ನೆತ್ತಿಯ ಕೂದಲು ತೆಳುವಾಗುತ್ತಾ ಬಂದಿತ್ತು. ಪೂರ್ತಿ ಬೋಳಾಗುವ ಮುಂಚೆ ಒಂದು ಸಲವಾದರೂ ಭುಜದ ಮೇಲೆ ಜಟೆ ಇಳಿಬಿಟ್ಟುಕೊಂಡು ತನ್ನೂರು ಪೋರ್ಟ್ ಆಂಟೋನಿಯೊದ ಮಾರುಕಟ್ಟೆಯಲ್ಲಿ ಓಡಾಡಬೇಕು ಎಂಬ ಚಪಲ ಅವನನ್ನು ಹಿಡಿದಿತ್ತು.

ಅವನು ಶವದ ಗಾಡಿ ಓಡಿಸುತ್ತಿದ್ದ. ಹಳೆಯ ಯಜಮಾನರಿದ್ದಷ್ಟು ಕಾಲ ಜಟೆಯ ಮಾತೆತ್ತುವ ಹಾಗಿರಲಿಲ್ಲ. "ಸತ್ತ ಮನೆಯವ್ರು ನಿನ್ನ ನೋಡಿ ಇನ್ನಷ್ಟು ಅಳ್ತಾರೆ" ಎನ್ನುತ್ತಿದ್ದರು. ಅವರ ಮಗ ವ್ಯವಹಾರ ವಹಿಸಿಕೊಂಡ. ಅವನ ಕಿವಿಯಲ್ಲೇ ಒಂದು ಓಲೆ ಇತ್ತು. ಆದ್ದರಿಂದ ಅವನಿಗೆ ಬೇಡವೆನ್ನಲು ಬಾಯಿರಲಿಲ್ಲ.

ಮರ್ಲೀನಳ ಅಣ್ಣ ಜೆಬುಲನ್ ಅಪ್ಪಟ ರಾಸ್ತಾ, ಜಟೆಯನ್ನು ವ್ರತದಂತೆ ಬೆಳೆಸುವ ಪಂಥದವನು. ಗುಡ್ಡದ ಮೇಲೆ ಗೆಣಸು, ಬಾಳೆ ಬೆಳೆದುಕೊಂಡಿದ್ದ. ಅವನ ಜಟೆ ಸೊಂಟ ಮುಟ್ಟುತ್ತಿತ್ತು. ಒಂದು ಮಧ್ಯಾಹ್ನ ಅವನೇ ಕೂತು ಎಗ್ಬರ್ಟನ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಹೊಸೆದುಕೊಟ್ಟ.

"ಈಗ ಕಷ್ಟದ ಕೆಲ್ಸ ಶುರು" ಅಂದ.

"ಏನು ಭಾವ?"

"ಸುಮ್ನಿರೋದು. ಸೋಪು ನೀರಲ್ಲಿ ಕಲಸಿ ಬುಡಕ್ಕೆ ಹಾಕಿ ಮೆತ್ತಗೆ ತೊಳ್ಕೊ. ಬಿಸಿಲಲ್ಲಿ ಪೂರಾ ಒಣಗಿಸ್ಕೊ, ಇಲ್ದಿದ್ರೆ ಮುಗ್ಗಲು ವಾಸ್ನೆ ಬರುತ್ತೆ. ಬುಡ ಸಡಿಲ ಆದ್ರೆ ಚೂರು ಲೋಳೆಸರ ಹಚ್ಚಿ ಅಂಗೈಲಿ ಹೊಸಿ. ಮಲಗೋವಾಗ ಬಟ್ಟೆ ಕಟ್ಕೊ. ಉಳಿದಿದ್ದು ಜಟೆ ತಾನೇ ನೋಡ್ಕೊಳ್ಳುತ್ತೆ."

ಬೇರೆ ಯಾವ ಕೆಲಸ ಹೇಳಿದ್ದರೂ ಎಗ್ಬರ್ಟ್ ಮಾಡುತ್ತಿದ್ದ. ಸುಮ್ಮನಿರುವುದೊಂದು ಅವನ ಕೈಲಾಗದ ಕೆಲಸ. ಹೊಸ ಜಟೆಗಳು ಸವೆದ ಪೊರಕೆಯ ಕಡ್ಡಿಗಳ ಹಾಗೆ ದಿಕ್ಕಿಗೊಂದರಂತೆ ನಿಂತವು. ಕನ್ನಡಿಯ ಮುಂದೆ ನಿಂತಾಗಲೆಲ್ಲ, ಸಿಂಹವಾಗಲು ಹೊರಟು ಒದ್ದೆ ಕೋಳಿಯಾದೆನಲ್ಲ ಎಂದು ಅವನಿಗೇ ನಗು ಬರುತ್ತಿತ್ತು. ಹೀಗಿರುವಾಗ ಮಾರುಕಟ್ಟೆಯಲ್ಲಿ ಜೇನುಮೇಣದ ಡಬ್ಬಿಯೊಂದು ಕಣ್ಣಿಗೆ ಬಿತ್ತು. ವಾರದೊಳಗೆ ಜಟೆ ಗಟ್ಟಿ ಎಂದು ಮುಚ್ಚಳದ ಮೇಲೆ ಬರೆದಿತ್ತು. ಭಾವನಿಗೆ ಹೇಳದೆ ಕೊಂಡು ತಂದ.

ದಿನಾ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿದಷ್ಟೇ ಧಾರಾಳವಾಗಿ ಸವರಿದ. ಜಟೆಗಳು ಮಲಗಿದವು, ಮಿಂಚಿದವು. ಟವೆಲಿನ ದಾರ, ದಿಂಬಿನ ಹತ್ತಿ, ರಸ್ತೆಯ ಧೂಳು ಎಲ್ಲವೂ ಅಲ್ಲೇ ಬಿಡಾರ ಹೂಡಿದವು. ಒಂದು ದಿನ ಚಿಟ್ಟೆಹುಳವೊಂದು ಸಿಕ್ಕಿಕೊಂಡು ಪ್ರಾಣ ಬಿಟ್ಟಿತು. ಮರ್ಲೀನ್ ಅದನ್ನು ಕಿತ್ತು ತೆಗೆದು, "ಗಾಡಿಲಿ ಹೊತ್ತಿದ್ದು ಸಾಲ್ದು ಅಂತ ತಲೆ ಮೇಲೂ ಹೆಣ ಹೊರ್ತಿದೀಯಾ" ಅಂದಳು. ತಲೆಗೆ ನೀರು ಹಾಕಿದರೆ ಕೆಸುವಿನೆಲೆಯ ಮೇಲೆ ಹಾಕಿದಂತೆ ಜಾರಿ ಹೋಗುತ್ತಿತ್ತು. ಇದು ಜಟೆ ಗಟ್ಟಿಯಾದ ಲಕ್ಷಣ ಎಂದು ಎಗ್ಬರ್ಟ್ ಹಿಗ್ಗಿದ.

ಆ ಹೊತ್ತಿಗೇ ಸಿಲ್ವನಸ್ ತೀರಿಕೊಂಡ. ಅವನೂ ಎಗ್ಬರ್ಟನೂ ಡಾಮಿನೋ ಆಟದಲ್ಲಿ ಜಗಳವಾಡಿ ಮಾತು ಬಿಟ್ಟು ವರ್ಷಗಳಾಗಿದ್ದವು. ಸಿಲ್ವನಸ್ ಮೋಸ ಮಾಡಿದ ಎಂದು ಎಗ್ಬರ್ಟ್, ಸೋಲಲು ಬಾರದ ಗಂಡಸು ಎಂದು ಸಿಲ್ವನಸ್. ಈಗ ಅವನನ್ನು ಗುಂಡಿಯವರೆಗೆ ಒಯ್ಯುವ ಕೆಲಸ ಎಗ್ಬರ್ಟನ ಪಾಲಿಗೇ ಬಂತು.

ಸಮಾಧಿಯ ದಿಬ್ಬದಲ್ಲಿ ಹೆಸರಿಗೊಂದು ನೆರಳಿರಲಿಲ್ಲ. ನೆತ್ತಿಯ ಮೇಲೆ ಸೂರ್ಯ, ಮೈಮೇಲೆ ಕರಿ ಸೂಟು. ಪಾದ್ರಿ ಪ್ರಾರ್ಥನೆ ಶುರು ಮಾಡುವ ಹೊತ್ತಿಗೆ ಎಗ್ಬರ್ಟನ ಹಣೆಯ ಮೇಲೆ ಏನೋ ಬೆಚ್ಚಗೆ ಹರಿಯಿತು. ಒರೆಸಿಕೊಂಡ. ಕೈಗೆ ಮೆತ್ತಿದ್ದು ಕಣ್ಣಿಗೂ ಹತ್ತಿತು. ಕಣ್ಣುಗಳು ಧಗಧಗ ಉರಿದವು. ಒರೆಸಿದಷ್ಟೂ ಉರಿ, ಉರಿದಷ್ಟೂ ನೀರು. ಮೂಗೂ ಸುರಿಯತೊಡಗಿತು. ಸತ್ತವನ ಸ್ವಂತ ತಮ್ಮ ಕೂಡ ಅಷ್ಟು ಅತ್ತಿರಲಿಲ್ಲ.

ಜನ ತಿರುಗಿ ನೋಡಿದರು. ಸಿಲ್ವನಸನ ಹೆಂಡತಿ, ಊರವರ ಬಾಯಲ್ಲಿ ಮಿಸ್ ಹಯಸಿಂತ್, ತನ್ನ ಕರವಸ್ತ್ರವನ್ನೇ ಅವನ ಕೈಗಿಟ್ಟಳು.

ಪಾದ್ರಿ, ಊರಲ್ಲಿ ಹಿರಿಯ ಗಂಡಸರಿಗೆ ಕೊಡುವ ‘ಮಾಸ್’ ಮರ್ಯಾದೆ ಸೇರಿಸಿ, ಅಂದರು: "ಇಲ್ಲೊಬ್ರು ಗೆಳೆಯರು ದುಃಖ ತಡ್ಕೊಳ್ಳಕ್ಕಾಗ್ದೆ ನಿಂತಿದ್ದಾರೆ. ಎರಡು ಮಾತು ಹೇಳಿ, ಮಾಸ್ ಎಗ್ಬರ್ಟ್."

ಓಡಿ ಹೋಗೋಣವೆಂದರೆ ಕಣ್ಣು ಕಾಣುತ್ತಿರಲಿಲ್ಲ, ಎಡವಿದರೆ ಸಿಲ್ವನಸನ ಮೇಲೇ ಬೀಳಬೇಕು. ಎಗ್ಬರ್ಟ್ ಗಂಟಲು ಸರಿಮಾಡಿಕೊಂಡ.

"ಸಿಲ್ವನಸ್ ಡಾಮಿನೋ ಆಡ್ತಿದ್ದ" ಅಂದ. ಎಲ್ಲರೂ ಕಾದರು. "ನನಗಿಂತ ಚೆನ್ನಾಗಿ ಆಡ್ತಿದ್ದ."

ಇಷ್ಟು ವರ್ಷ ಅವನ ಬಾಯಿಂದ ಹೊರಡದ ಮಾತು ಅದು. ಹೇಳಿದ ಮೇಲೆ ಎದೆಯೊಳಗೆ ಏನೋ ಕದಲಿತು. ಆಮೇಲೆ ಇಳಿದದ್ದರಲ್ಲಿ ಮೇಣವೆಷ್ಟು, ನೀರೆಷ್ಟು ಎಂದು ಅವನಿಗೇ ಗೊತ್ತಾಗಲಿಲ್ಲ.

ಭಾನುವಾರ ಜೆಬುಲನ್ ಗುಡ್ಡ ಇಳಿದು ಬಂದ. ಹಿತ್ತಲಿನ ಜೀಗುಜ್ಜೆ ಮರದಡಿ ಎಗ್ಬರ್ಟನನ್ನು ಕೂರಿಸಿ, ತಲೆ ಮೂಸಿ, "ಇದು ಜಟೆಯಲ್ಲ, ಮೇಣದಬತ್ತಿ. ಬತ್ತಿ ಹಚ್ಚಿದ್ರೆ ಊರಿಗೆಲ್ಲ ಬೆಳಕು" ಅಂದ.

"ಬೈಯೋದು ಬೈದ್ಬಿಡು ಭಾವ. ಆಮೇಲೆ ತೆಗಿ."

ಬಿಸಿನೀರಲ್ಲಿ ಹಿಂಡಿದ ಟವೆಲನ್ನು ತಲೆಗೆ ಸುತ್ತಿ ಮೇಣ ಮೆತ್ತಗಾಗುವವರೆಗೂ ಕೂರಿಸಿದ. ಕೊಬ್ಬರಿ ಎಣ್ಣೆ ತಿಕ್ಕಿದ. ಒಂದೊಂದೇ ಜಟೆಯನ್ನು ಹಳೆಯ ಬಟ್ಟೆಯಲ್ಲಿ ಹಿಡಿದು ಬುಡದಿಂದ ತುದಿಗೆ ಹಿಂಡಿದ. ಬೂದುಬಣ್ಣದ ಗಸಿ ಬಂತು. ತಲೆಯನ್ನು ಬಕೆಟಿನ ಮೇಲೆ ಬಗ್ಗಿಸಿ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದ, ವಿನಿಗರ್ ಬೆರೆಸಿದ ನೀರು ಸುರಿದ. ಮತ್ತೆ ಟವೆಲು, ಮತ್ತೆ ಎಣ್ಣೆ. ಎಗ್ಬರ್ಟನ ತಲೆಯಿಂದ ಉಪ್ಪಿನಕಾಯಿ ಭರಣಿಯ ವಾಸನೆ ಹೊಡೆಯತೊಡಗಿತು.

ಅಷ್ಟರಲ್ಲಿ ಮಿಸ್ ಹಯಸಿಂತ್ ಗೇಟು ತೆಗೆದು ಬಂದಳು. ಕರಿ ಬಟ್ಟೆ, ಕರಿ ಹ್ಯಾಟು, ಕೈಯಲ್ಲಿ ಮುಚ್ಚಿದ ಪಾತ್ರೆ.

"ನಿಮಗೆ ಅಂತ ಮೇಕೆ ಮಾಂಸದ ಪಲ್ಯ ತಂದೆ. ಮಾತು ಬಿಟ್ಟವ್ರು ಅಷ್ಟು ಅತ್ರಲ್ಲ ಮಾಸ್ ಎಗ್ಬರ್ಟ್, ಅವತ್ತಿಂದ ನನ್ನ ಮನಸ್ಸಿಗೆ ಎಷ್ಟು ಸಮಾಧಾನ ಗೊತ್ತಾ..."

ಬಕೆಟಿನೊಳಗಿಂದ ಎಗ್ಬರ್ಟ್ ತಲೆ ಎತ್ತಿದ. ಗಸಿ ಮೂಗಿನ ಮೇಲೆ ಇಳಿಯಿತು. ಸುಮ್ಮನಿದ್ದರೆ ಮಾಂಸವೂ ಸಿಗುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಸುಮ್ಮನಿರುವುದು ಅವನಿಗೆ ಬರುತ್ತಿರಲಿಲ್ಲವಲ್ಲ.

"ಮಿಸ್ ಹಯಸಿಂತ್, ಅದು ಅಳು ಅಲ್ಲ. ಮೇಣ. ತಲೆಗೆ ಹಚ್ಕೊಂಡಿದ್ದೆ, ಕರಗಿ ಕಣ್ಣಿಗೆ ಬಂತು."

ಅವಳು ಬಕೆಟ್ಟು ನೋಡಿದಳು, ತಲೆ ನೋಡಿದಳು. ಪಕ್ಕದಲ್ಲಿ ಕೂತಿದ್ದ ಮರ್ಲೀನ್ ಕುರ್ಚಿ ತರಲು ಎದ್ದಳು. ಹಯಸಿಂತ್ ಕುರ್ಚಿಗೆ ಕಾಯದೆ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು. ಹ್ಯಾಟು ಓರೆಯಾಗುವಷ್ಟು ನಕ್ಕಳು.

"ನನ್ನ ಗಂಡನೂ ಇದೇ ಜಾತಿ" ಅಂದಳು, ಕಣ್ಣೊರೆಸಿಕೊಂಡು. "ಗಡ್ಡ ಬೆಳ್ಳಗಾಗಿದ್ದು ಕಾಣ್ಬಾರ್ದು ಅಂತ ಬೂಟ್ ಪಾಲಿಶ್ ಹಚ್ತಿದ್ದ. ಮಳೇಲಿ ಸಿಕ್ಕಿದ್ರೆ ಅಂಗಿ ಪೂರಾ ಕಪ್ಪು. ತೊಳೆದು ತೊಳೆದು ನನ್ನ ಕೈ ಸವೀತು." ಹ್ಯಾಟು ಸರಿಮಾಡಿಕೊಂಡು ಕೇಳಿದಳು: "ಹಾಗಾದ್ರೆ ನಿಮಗಿಂತ ಚೆನ್ನಾಗಿ ಆಡ್ತಿದ್ದ ಅಂದ್ರಲ್ಲ, ಅದು?"

"ಅದು ನಿಜ. ಅದಕ್ಕೆ ಮೇಣ ಹಚ್ಚಿರ್ಲಿಲ್ಲ."

"ನಿಜ ಎಲ್ಲಿಂದ ಬಂತು? ಮೋಸ ಮಾಡ್ತಿದ್ದ. ಊರಿಗೇ ಗೊತ್ತಿತ್ತು."

ಆ ಹಳೆಯ ಜಗಳದಲ್ಲಿ ಎಗ್ಬರ್ಟನೇ ಗೆದ್ದ ಹಾಗಾಯಿತು. ಇಷ್ಟು ವರ್ಷ ಕಾದು ಗೆದ್ದದ್ದು, ಅದೂ ತಲೆಗೆ ವಿನಿಗರ್ ಸುರಿಸಿಕೊಂಡು ಕೂತಾಗ. ಗೆದ್ದ ಖುಷಿ ಯಾಕೋ ಬರಲಿಲ್ಲ. ಜಗಳವಾಡಲು ಸಿಲ್ವನಸ್ ಇರಬೇಕಿತ್ತು ಅನ್ನಿಸಿತು.

ಹಯಸಿಂತ್ ಹ್ಯಾಟು ತೆಗೆದಿಟ್ಟು, ತೋಳು ಮಡಚಿ, ಒಣ ಟವೆಲು ಹಿಡಿದು ಹಿಂದೆ ನಿಂತಳು. ಮುಂದಲೆಯ ಕೆಲವು ಜಟೆಗಳಲ್ಲಿ ಮೇಣ ತಿರುಳಿನವರೆಗೆ ಇಳಿದಿತ್ತು. ಎಷ್ಟು ಹಿಂಡಿದರೂ ಬಿಡಲಿಲ್ಲ. ಜೆಬುಲನ್ ಕೇಳದೆ ಕತ್ತರಿಸಿ ಹಾಕಿದ. ಬೋಳಾಗಲು ಹೆದರಿ ಶುರುಮಾಡಿದ ಕೆಲಸದಲ್ಲಿ ಮುಂದಲೆ ಮೊದಲೇ ಬೋಳಾಯಿತು. ಉಳಿದವು ಹಗುರವಾಗಿ, ಮತ್ತೆ ದಿಕ್ಕಿಗೊಂದರಂತೆ ನಿಂತವು.

"ಈಗ ಬಿಸಿಲಲ್ಲಿ ಕೂತ್ಕೊ" ಅಂದ ಜೆಬುಲನ್. "ಮುಟ್ಬೇಡ."

ಎಗ್ಬರ್ಟ್ ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಬಿಸಿಲಿಗೆ ಕೂತ. ಮರ್ಲೀನ್ ಪಲ್ಯದ ತಟ್ಟೆ ತಂದು, ಅವನ ಕೈಗಳನ್ನು ಆಚೆ ಬಿಡಲು ಧೈರ್ಯ ಸಾಲದೆ, ತಾನೇ ತುತ್ತು ಮಾಡಿ ತಿನ್ನಿಸಿದಳು.