ಮುನಿಶಾಮಮ್ಮನ ಸೀಸದ ಮುಖ

ಆ ಕಾಲಕ್ಕೆ ಮಾಲೂರಿನಲ್ಲಿ ಇದ್ದದ್ದು ಎರಡೇ ಕಂಪನಿ. ಒಂದು ರೈಲ್ವೆಯವರದು, ಇನ್ನೊಂದು ನಮ್ಮದು. ಹೆಂಚಿನ ಕಾರ್ಖಾನೆಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಬಿಟ್ಟು ಬಂದ ಮೇಲೆ ಅವು ಕಾರ್ಖಾನೆಗಳೇ ಅಲ್ಲ.

ನಮ್ಮ ಕಂಪನಿಯ ಒಟ್ಟು ಸಿಬ್ಬಂದಿ ಇಬ್ಬರು: ತಗಡಿನ ಕೆಲಸದ ಸುಭಾನ್, ಅಚ್ಚಿನ ಕೆಲಸದ ಗಂಗುಲಪ್ಪ, ಅಂದರೆ ನಾನು. ಬೆಂಗಳೂರಿನ ಒಂದು ಆಸ್ಪತ್ರೆಗೆ ವಿಲಾಯಿತಿಯಿಂದ ಕ್ಯಾನ್ಸರಿಗೆ ಕಿರಣ ಕೊಡುವ ಯಂತ್ರ ಬಂದಿತ್ತು. ಆ ಕಿರಣ ಹುಣ್ಣಿನ ಮೇಲೆ ಬಿದ್ದರೆ ಔಷಧ, ಕಣ್ಣಿನ ಮೇಲೆ ಬಿದ್ದರೆ ಕುರುಡು. ಅದಕ್ಕೆ ರೋಗಿಯ ಮುಖಕ್ಕೆ ಚರ್ಮದಂತೆ ಅಂಟಿ ಕೂರುವ ಸೀಸದ ಮುಖವಾಡ ಬೇಕು. ಹುಣ್ಣಿರುವ ಕಡೆ ಮಾತ್ರ ಒಂದು ಕಿಂಡಿ. ನಾನು ಮುಖದ ಅಚ್ಚು ತೆಗೆಯುತ್ತಿದ್ದೆ. ಸುಭಾನ್ ಅದರ ಒಳಮೈಗೆ ಸೀಸದ ತಗಡನ್ನು ಮರದ ಕೊಡತಿಯಿಂದ ಬಡಿದು ಕೂರಿಸುತ್ತಿದ್ದ. ನಾವು ಮಾಡಿದ ಮುಖವಾಡವನ್ನು ಗೋಡೆಗೆ ನೇತುಹಾಕಿದರೆ ರೋಗಿಗಳ ಹೆಂಡತಿಯರು ಗಂಡನೆಂದುಕೊಂಡು ಅದನ್ನೇ ಊಟಕ್ಕೆ ಕರೆಯುತ್ತಿದ್ದರು.

ನಲವತ್ತೊಂದನೇ ಇಸವಿಯಲ್ಲಿ ಶ್ರೀನಿವಾಸಪುರದಿಂದ ಮುನಿಶಾಮಮ್ಮ ಬಂದಳು. ನಾನು ಹುಟ್ಟಿದ ಬೀದಿಯವಳೇ, ಹುಣಸೆಹಣ್ಣಿನ ವ್ಯಾಪಾರದವಳು. ಅವಳು ಸಂತೆಯಲ್ಲಿ ಕೂಗಿದರೆ ಮುಳಬಾಗಿಲಿನಲ್ಲಿ ಗಿರಾಕಿಗಳು ಚೀಲ ಹುಡುಕುತ್ತಿದ್ದರು. ಮೂವತ್ತು ವರ್ಷ ದವಡೆಯಲ್ಲಿಟ್ಟ ಹೊಗೆಸೊಪ್ಪಿನಿಂದ ಎಡಗೆನ್ನೆಯಲ್ಲಿ ಹುಣ್ಣಾಗಿ, ಅದು ಕಣ್ಣಿನ ಕಡೆ ಹತ್ತುತ್ತಿತ್ತು. ಆಸ್ಪತ್ರೆಯಲ್ಲಿ ಅವಳ ಸರದಿ ಮಾರನೆಯ ಬೆಳಿಗ್ಗೆ. ಅದು ತಪ್ಪಿದರೆ ಎರಡು ತಿಂಗಳು ಕಾಯಬೇಕು, ಅಷ್ಟು ದಿನ ಹುಣ್ಣು ಕಾಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಏನ್ಲಾ ಗಂಗುಲಾ, ಹೆಂಚು ಮಾಡೋನು ಮುಖ ಮಾಡೋಕ್ ಬಂದ್ಯಾ?" ಎಂದಳು.

"ಅಕ್ಕಾ, ನಾನ್ ಮಾಡಿದ್ ಮುಖ ದೇವ್ರು ಮಾಡಿದ್ದಕ್ಕಿಂತ ಚೆನ್ನಾಗಿರ್ತದೆ."

"ಹಂಗಾದ್ರೆ ಮೊದ್ಲು ನಿಂದೇ ಮಾಡ್ಕೋಬೇಕಿತ್ತು!"

ಮುಖಕ್ಕೆ ಹರಳೆಣ್ಣೆ ಸವರಿದೆ. ಉಸಿರಾಡಲು ಮೂಗಿಗೆ ಹರಳೆಲೆಯ ಟೊಳ್ಳು ತೊಟ್ಟುಗಳನ್ನಿಟ್ಟೆ. ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟರ್ ಹಿಟ್ಟನ್ನು ಕಲಸಿ ಹಣೆಯಿಂದ ಗಲ್ಲದವರೆಗೆ ಮೆತ್ತಿದೆ. ಅದು ಬಿಸಿಯಾಗಿ ಗಟ್ಟಿಯಾಗುವ ತನಕ ಹತ್ತು ನಿಮಿಷ ಮುಖ ಅಲುಗಬಾರದು. ನಾಲ್ಕನೇ ನಿಮಿಷಕ್ಕೆ ಅವಳು ಎಲ್ಲವನ್ನೂ ಕಿತ್ತೆಸೆದು ಎದ್ದು ಕೂತಳು.

"ಅಯ್ಯೋ ನಾಯನಾ, ಬರೀ ಕತ್ಲು! ಒಂದ್ ಸದ್ದಿಲ್ಲ. ನನ್ನ ಹೂತಾಕ್ಬಿಟ್ಟು ಹೊಂಟೋದ್ರಾ ಅನ್ನಿಸ್ತು ಕಣೋ."

"ಹಂಗಾದ್ರೆ ಮಾತಾಡ್ತಾನೇ ಇರ್ತೀನಿ ಬಿಡು," ಎಂದು ಎರಡನೇ ಸಲ ಮೆತ್ತಿ ಕಥೆ ಶುರುಮಾಡಿದೆ. ನಾನು ಅಂತರಗಂಗೆ ಬೆಟ್ಟದ ಮೇಲಿಂದ ಜಾರಿ ಕೋಲಾರದ ಅಮಲ್ದಾರರ ಮೇಜಿನ ಮೇಲೆ ಬಿದ್ದದ್ದು, ಅವರು ನನ್ನನ್ನು ಅರ್ಜಿ ಎಂದುಕೊಂಡು ಬೆನ್ನಿಗೆ ರುಜು ಹಾಕಿದ್ದು. ಮೊದಲು ಅವಳ ಹೊಟ್ಟೆ ಕುಣಿಯಿತು, ಆಮೇಲೆ ಭುಜ. ಅಚ್ಚು ಹಣೆಯಿಂದ ಗಲ್ಲದವರೆಗೆ ಸೀಳಿತು.

ಸುಭಾನ್ ಕೊಡತಿಯನ್ನು ನೆಲಕ್ಕೆ ಕುಕ್ಕಿದ. "ಅರೇ ಗಂಗುಲಪ್ಪಾ, ಡಬ್ಬಾದಲ್ಲಿ ಇನ್ನ ಒಂದೇ ಸಲಕ್ಕೆ ಹಿಟ್ಟಿರೋದು. ಲಡಾಯಿ ಟೈಮು, ಬೇರೆ ಎಲ್ಲಿ ತರ್ತೀಯ? ಸುಮ್ನಿದ್ರೆ ಅಮ್ಮ ಹೆದರ್ತಾರೆ, ನೀನ್ ಬಾಯಿ ಬಿಟ್ರೆ ನಗ್ತಾರೆ. ಹತ್ತೇ ನಿಮಿಷ ಸುಳ್ಳಿಲ್ದೆ ಮಾತಾಡೋಕಾಗಲ್ವಾ ನಿಂಗೆ?"

"ಸುಳ್ಳಿಲ್ದೆ ಏನಂತ ಮಾತಾಡ್ಲಿ?" ಎಂದೆ. ತಮಾಷೆಗಲ್ಲ, ನನಗೆ ತಿಳಿದಿರಲಿಲ್ಲ.

ಮೂರನೇ ಸಲ ಮೆತ್ತಿದೆ. ಬಾಯಿಗೆ ಏನೂ ಬರಲಿಲ್ಲ. ಮುನಿಶಾಮಮ್ಮನ ಕೈ ಮೆಲ್ಲಗೆ ಮುಖದ ಕಡೆ ಏಳತೊಡಗಿತು. ಗಾಬರಿಯಲ್ಲಿ ಅವಳ ಕಿವಿಗೆ ಬಗ್ಗಿದೆ.

"ಅಕ್ಕಾ, ನಮ್ ಬೀದಿ. ಮೊದಲ್ನೇ ಮನೆ ಕದಿರಮ್ಮಂದು. ಬಾಗ್ಲಿಗೆ ಹಸಿರು ಬಣ್ಣ, ಕೆಳಗಡೆ ಉದುರೋಗದೆ."

ಕೈ ನಿಂತಿತು.

"ಎರಡ್ನೇದು ವೆಂಕಟರಾಯಪ್ಪಂದು. ಮುಂದ್ಗಡೆ ನಾಯಿ ಮಲಗದೆ."

ಆ ನಾಯಿಯನ್ನು ಹುಲಿ ಮಾಡುವ ಆಸೆ ಗಂಟಲವರೆಗೆ ಬಂತು, ನುಂಗಿಕೊಂಡೆ. ಕೆಂಚು ನಾಯಿ, ಒಂದು ಕಿವಿ ಹರಿದಿತ್ತು, ಅಷ್ಟೇ ಎಂದೆ. ಮೂರನೆಯದು ಜೈನಾಬ್ ಬೀಯ ಬಳೆ ಅಂಗಡಿ. ಬಳೆ ಒಡೆದರೆ ಚೂರು ನಮಗೆ ಕೊಡುತ್ತಿದ್ದಳು. ನಾಲ್ಕನೆಯದು ಕೋದಂಡರಾಮಪ್ಪನದು, ಅವನು ದಿನಾ ಸಂಜೆ ಲಾಟೀನಿನ ಗಾಜನ್ನು ಬೂದಿಯಲ್ಲಿ ಉಜ್ಜುತ್ತಿದ್ದ. ಉಬ್ಬಿಸಲು ಏನೂ ಇಲ್ಲದ ಸಂಗತಿಗಳಾದ್ದರಿಂದ ಇವನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಆಮೇಲೆ ನಮ್ಮನೆ. ಅಮ್ಮ ಹೊಸ್ತಿಲತ್ರ ಕೂತು ರಾಗಿ ಕೇರ್ತಾವ್ಳೆ."

ಅಮ್ಮ ಹೋಗಿ ಹನ್ನೆರಡು ವರ್ಷವಾಗಿತ್ತು. ಮುಂದಿನ ಮನೆಗೆ ಹೋಗದೆ ಆ ಹೊಸ್ತಿಲಲ್ಲೇ ನಿಂತುಬಿಟ್ಟೆ. ಮುನಿಶಾಮಮ್ಮ ತಡಕಾಡಿ ನನ್ನ ಮಣಿಕಟ್ಟು ಹಿಡಿದಳು. ಮುಖ ಅಲುಗಲಿಲ್ಲ.

ಅಚ್ಚು ಇಡಿಯಾಗಿ ಬಂತು, ಮೂಗುತಿಯ ತೂತಿನ ಸಮೇತ. ಅವಳ ಮೊದಲ ಮಾತು: "ಕೋದಂಡರಾಮಪ್ಪನ ಮನೆ ಆದ್ಮೇಲೆ ಬಾವಿ ಕಣೋ. ಬಾವಿ ಬಿಟ್ಬಿಟ್ಟೆ!"

ಸುಭಾನ್ ಕತ್ತಲಾಗುವಷ್ಟರಲ್ಲಿ ಸೀಸ ಬಡಿದು ಮುಗಿಸಿದ. ಬೆಳಗಿನ ರೈಲಿನಲ್ಲಿ ಅದನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಅದರ ಭಾರಕ್ಕೆ ರೈಲು ವೈಟ್‌ಫೀಲ್ಡಿನವರೆಗೆ ಒಂದು ಪಕ್ಕಕ್ಕೆ ವಾಲಿಕೊಂಡೇ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಮುಖವಾಡ ಕೂರಿಸಿ, ಅಂಚಿನಲ್ಲಿ ಕಾಗದ ತೂರಿಸಿ ನೋಡಿದರು. ತೂರಲಿಲ್ಲ. ಎಲ್ಲರೂ ಹೊರಗೆ ಬಂದೆವು. ಯಂತ್ರ ನಡೆಯುವಾಗ ಒಳಗೆ ರೋಗಿಯ ಹೊರತು ಯಾರೂ ಇರುವಂತಿಲ್ಲ.

ಬಾಗಿಲಿನ ದಪ್ಪ ಗಾಜಿನಿಂದ ನೋಡಿದೆ. ಮುನಿಶಾಮಮ್ಮ ಅಲುಗದೆ ಮಲಗಿದ್ದಳು. ಬೆರಳುಗಳು ಮಾತ್ರ ಒಂದೊಂದಾಗಿ ಮಡಿಯುತ್ತಿದ್ದವು. ಒಂದು ಕೈ ಮುಗಿಸಿ ಇನ್ನೊಂದರಲ್ಲಿ ಮೊದಲ ಬೆರಳು ಮಡಿಸಿ, ತುಸು ಹೊತ್ತು ಹಾಗೆಯೇ ಹಿಡಿದುಕೊಂಡಳು. ಬಾವಿಯನ್ನೂ ಸೇರಿಸಿದರೆ ಆರನೆಯದು ನಮ್ಮ ಮನೆ.

ಹದಿನಾರು ಬೆಳಗು ಹೀಗೆ ನಡೆಯಿತು. ಹುಣ್ಣು ಒಣಗಿತು, ಕಣ್ಣು ಉಳಿಯಿತು. ಕೆನ್ನೆಯ ಮೇಲೆ ಕಪ್ಪು ಕಲೆಯೊಂದು ನಿಂತಿತು. ಆಮೇಲೆ ಹದಿಮೂರು ವರ್ಷ ಅವಳು ಅದೇ ಸಂತೆಯಲ್ಲಿ ಕೂಗಿ ಹುಣಸೆಹಣ್ಣು ಮಾರಿದಳು. ಹದಿಮೂರೆಂದರೆ ಹದಿಮೂರೇ. ನಂಬಿಕೆಯಿಲ್ಲದಿದ್ದರೆ ಸುಭಾನನನ್ನು ಕೇಳಿ ಎನ್ನೋಣವೆಂದರೆ, ಈಗ ಅವನೂ ಇಲ್ಲ.