ಬಲ್ಬಿಲ್ಲದ ಇನ್ವರ್ಟರ್

ದೀಪದ ಬುಡದಲ್ಲೇ ಕತ್ತಲೆ ಎಂಬ ಮಾತು ಆ ಲೈನ್‌ಮ್ಯಾನ್ ಮನೆಯನ್ನು ನೋಡಿಯೇ ಹುಟ್ಟಿರಬೇಕು. ಹನ್ನೆರಡು ಬೀದಿಗಳ ಕಂಬ ಹತ್ತುವವನ ಮನೆಯಲ್ಲಿ ಕರೆಂಟ್ ಹೋದರೆ ಗತಿ ಎರಡು ಮೇಣದಬತ್ತಿ. ಹೆಂಡತಿ ಇನ್ವರ್ಟರ್ ಅಂದರೆ ಸಾಕು, ಅವನು ಹುಬ್ಬು ಗಂಟಿಕ್ಕುತ್ತಿದ್ದ.

“ಬೀದಿಯೆಲ್ಲ ಕತ್ತಲಲ್ಲಿರೋವಾಗ ನಮ್ಮನೆ ಕಿಟಕಿ ಮಾತ್ರ ಬೆಳಗಿದ್ರೆ? ‘ಇವನಿಗೇನು, ಆರಾಮಾಗಿದಾನೆ, ಅದಕ್ಕೇ ರಿಪೇರಿ ನಿಧಾನ’ ಅಂತಾರೆ ಕಣೇ.”

ಗಂಡನ ಮರ್ಯಾದೆ ಅವಳಿಗೂ ಬೇಕಿತ್ತು. ಆದರೆ ಅತ್ತೆಗೆ ಉಬ್ಬಸ. ನೆಬ್ಯುಲೈಸರ್ ಹಾಕಿಕೊಂಡು ಔಷಧಿಯ ಹಬೆ ಎಳೆಯದಿದ್ದರೆ ಎದೆಯಲ್ಲಿ ಸಿಳ್ಳೆ ಶುರುವಾಗುತ್ತಿತ್ತು. ಹೋದ ವಾರ ಕರೆಂಟಿಲ್ಲದ ಎರಡು ಗಂಟೆ ಅತ್ತೆಯ ಬೆನ್ನು ನೀವುತ್ತಾ ಕೂತವಳಿಗೆ ಜೀವ ಬಾಯಿಗೆ ಬಂದಿತ್ತು. ಮೂಗಿಗಿಂತ ಮೂಗುತಿ ಭಾರವಾಯಿತಲ್ಲ ಎಂದು ಸಿಟ್ಟೂ ಬಂದಿತ್ತು.

ಕೊನೆಗೆ ಅತ್ತೆಯನ್ನೂ ಕರೆದುಕೊಂಡು ಅಂಗಡಿಗೆ ಹೋದಳು. ಅಂಗಡಿಯವನು ಪೆನ್ನು ಹಿಡಿದು ಕೇಳಿದ: “ಎಷ್ಟು ಲೈಟು, ಎಷ್ಟು ಫ್ಯಾನು?”

“ಒಂದೂ ಬೇಡ. ಒಂದೇ ಒಂದು ಪ್ಲಗ್ ಪಾಯಿಂಟ್.”

“ಲೈಟಿಲ್ದೆ ಇನ್ವರ್ಟರ್ ಯಾರಮ್ಮಾ ತಗೋತಾರೆ?”

“ಉಸಿರಾಡೋಕೆ ಬೆಳಕ್ಯಾಕಪ್ಪಾ? ನನ್ನ ಮೂಗು ಎಲ್ಲಿದೆ ಅಂತ ನಂಗೆ ಗೊತ್ತು,” ಎಂದರು ಅತ್ತೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂದರೆ ಇದೇ. ಇದ್ದುದರಲ್ಲೇ ಚಿಕ್ಕ ಇನ್ವರ್ಟರು, ಒಂದು ಬ್ಯಾಟರಿ ಮನೆಗೆ ಬಂದವು. ಲೈನ್‌ಮ್ಯಾನ್ ಗೊಣಗುತ್ತಲೇ ಅಮ್ಮನ ಮಂಚದ ಪಕ್ಕಕ್ಕೆ ತಾನೇ ವೈರ್ ಎಳೆದ.

ಮುಂದಿನ ವಾರ ತಂತಿಯ ಮೇಲೆ ಕೊಂಬೆ ಬಿದ್ದು ಸಂಜೆಗೇ ಕರೆಂಟ್ ಹೋಯಿತು. ಅವನು ಏಣಿ ಹೊತ್ತು ಹೊರಟ. ಕತ್ತಲ ಮನೆಯಲ್ಲಿ ನೆಬ್ಯುಲೈಸರ್ ಗುಂಯ್ ಎನ್ನುತ್ತಿತ್ತು, ಅತ್ತೆ ನೆಮ್ಮದಿಯಾಗಿ ಉಸಿರೆಳೆಯುತ್ತಿದ್ದರು. ಅಷ್ಟರಲ್ಲಿ ಬಾಗಿಲಾಚೆ ಧಡ್ ಎಂದು ಸದ್ದಾಯಿತು. ನೋಡಿದರೆ ಎದುರು ಮನೆಯ ಮೇಷ್ಟ್ರು. ಕರೆಂಟ್ ಹೋದರೆ ಎಲ್ಲರಿಗಿಂತ ಮೊದಲು ಫೋನ್ ಮಾಡಿ ಲೈನ್‌ಮ್ಯಾನ್‌ನನ್ನು ಬೈಯುವವರು. ಮೆಟ್ಟಿಲು ಕಾಣದೆ ಎಡವಿ ಮಂಡಿ ತರಚಿಕೊಂಡಿದ್ದರು. ಕೈಯಲ್ಲಿ ತಮ್ಮದೇ ಮಾಸ್ಕು, ಔಷಧಿ.

“ನಿಮ್ಮ ಮೆಷಿನ್ ಸದ್ದು ಕೇಳ್ತು... ನಂಗೂ... ಉಬ್ಬಸ...” ಅಷ್ಟಕ್ಕೇ ಅವರಿಗೆ ಸಾಕಾಯಿತು. ಅವಳು ಕೈಹಿಡಿದು ಒಳಗೆ ಕೂರಿಸಿ, ಅತ್ತೆಯದು ಮುಗಿಯುತ್ತಲೇ ಮೆಷಿನ್ನಿಗೆ ಅವರ ಮಾಸ್ಕ್ ಸಿಕ್ಕಿಸಿದಳು.

ಕೆಲಸದ ನಡುವೆ ಅಮ್ಮನನ್ನು ನೋಡಲು ಓಡಿಬಂದ ಲೈನ್‌ಮ್ಯಾನ್ ಬಾಗಿಲಲ್ಲೇ ನಿಂತ. ಅವನ ಟಾರ್ಚಿನ ಬೆಳಕಿಗೆ ಮಂಚದ ಮೇಲೆ ಅಮ್ಮ, ಕುರ್ಚಿಯಲ್ಲಿ ಮಾಸ್ಕ್ ಹಾಕಿದ ಮೇಷ್ಟ್ರು ಕಂಡರು. ಇಷ್ಟು ವರ್ಷ ತಾನು ಹೆದರಿದ್ದು ಈ ಮನುಷ್ಯನ ಬಾಯಿಗೆ. ಅವನಿಗೆ ನಾಚಿಕೆಯಾಯಿತು. ಮಂಡಿಯ ರಕ್ತ ನೋಡಿ ಇನ್ನಷ್ಟು ನಾಚಿಕೆಯಾಯಿತು.

ಮರುದಿನ ಅವನು ಇನ್ವರ್ಟರಿನಿಂದ ಇನ್ನೊಂದು ವೈರ್ ಎಳೆಯತೊಡಗಿದ. ಅಡುಗೆಮನೆಗೆ ಇರಬೇಕು ಎಂದು ಹೆಂಡತಿ ಆಸೆಯಿಂದ ನೋಡಿದಳು. ವೈರು ಅಡುಗೆಮನೆ ದಾಟಿತು, ಬಾಗಿಲೂ ದಾಟಿತು. ಬೀದಿಯ ಆ ತುದಿಗೂ ಕಾಣುವಂಥ ಬಲ್ಬೊಂದನ್ನು ಅವನು ಹೊರಗಿನ ಮೆಟ್ಟಿಲ ಮೇಲೆ ತೂಗುಹಾಕಿದ.

“ಎಲ್ಲರೂ ನೋಡ್ತಾರಲ್ರೀ?” ಎಂದಳು.

“ನೋಡ್ಲಿ. ಮೇಷ್ಟ್ರಿಗೆ ದಾರಿ ಕಾಣ್ಬೇಕಲ್ಲ,” ಎಂದ.